ಸೂರಪ್ಪ ಮೇಸ್ತ್ರಿ ಹೆಸರು ಕೊಡದ ಹನ್ನೊಂದು ವರ್ಷ

ಕುಂದಾಪುರ
೯ ನವೆಂಬರ್ ೧೯೬೫

ಪ್ರೀತಿಯ ಪ್ರೇಮಾನಂದಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದಾರೆಂದು ಪುಷ್ಪ ಬರೆದಿದ್ದಳು. ಮುಂಬಯಿಯ ಆ ಮೆಟ್ಟಿಲುಗಳನ್ನು ದಿನಕ್ಕೆ ಒಂದೇ ಸಲ ಹತ್ತು. ನನಗೆ ನೆಗಡಿ ಬಿಟ್ಟರೆ ಬೇರೇನಿಲ್ಲ. ಮಕ್ಕಳ ಉತ್ತರಪತ್ರಿಕೆಗಳ ಕಟ್ಟು ಬಿಚ್ಚದೆ ಹಾಗೇ ಬಿದ್ದಿದೆ. ಈ ಪತ್ರವನ್ನು ಮೂರು ಸಲ ಬರೆದು ಹರಿದೆ.

ಪುಷ್ಪನ ಮದುವೆಗೆ ನಮ್ಮ ಚರ್ಚಿನ ಸಭೆಯಿಂದ ಪತ್ರ ಬೇಕೆಂದು ನೀನು ಕೇಳಿದ್ದೆಯಲ್ಲ, ಮನೆತನ ಇದೇ ಸಭೆಯದು, ಹುಡುಗ ಹುಡುಗಿಗೆ ವರಸೆಯಲ್ಲಿ ಅಡ್ಡಿಯಿಲ್ಲ ಎಂದು. ಪಾದ್ರಿ ಅಯ್ಯನವರು ದಾಖಲೆ ಪುಸ್ತಕಗಳ ಕಪಾಟಿನ ಕೀಲಿಯನ್ನೇ ನನ್ನ ಕೈಗೆ ಕೊಟ್ಟು, "ನೀವೇ ಹುಡುಕಿ ಟೀಚರೇ, ಆ ಹಳೇ ಅಕ್ಷರ ನನ್ನ ಕಣ್ಣಿಗೆ ಹಿಡಿಯುವುದಿಲ್ಲ" ಎಂದರು. ಅಪ್ಪನ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು. ೧೮೮೮. ತಾಯಿ ಸುಗುಣ. ತಂದೆಯ ಹೆಸರಿನ ಜಾಗದಲ್ಲಿ ಒಂದು ಅಡ್ಡಗೀರು. ಅಪ್ಪ ಹುಟ್ಟುವ ಮೊದಲೇ ಅಜ್ಜ ದೋಣಿ ಮುಳುಗಿ ಸತ್ತರೆಂದಲ್ಲವೇ ಅಜ್ಜಿ ನಮಗೆ ಹೇಳಿದ್ದು? ಪಕ್ಕದಲ್ಲೇ ಪಾದ್ರಿಯ ಟಿಪ್ಪಣಿಯಿದೆ: ತಂದೆ ಯಾರೆಂದು ಹೇಳಲು ಒಪ್ಪದ ಕಾರಣ ಸುಗುಣಳನ್ನು ಕರ್ತನ ಭೋಜನದಿಂದ ಹೊರಗಿಡಲಾಗಿದೆ.

ಅಲ್ಲಿಗೆ ಪುಸ್ತಕ ಮುಚ್ಚಬಹುದಿತ್ತು. ಯಾಕೆ ಮುಚ್ಚಲಿಲ್ಲವೆಂದು ನನ್ನನ್ನೇ ಕೇಳುತ್ತಿದ್ದೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಚಾಳಿ ಇರಬೇಕು, ಖಾಲಿ ಜಾಗ ಕಂಡರೆ ತುಂಬುವುದು. ಆ ಕಾಲದಲ್ಲಿ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವವರು ಶನಿವಾರವೇ ಪಾದ್ರಿಯ ಬಳಿ ಹೋಗಿ ಹೆಸರು ಕೊಡಬೇಕಿತ್ತು. ಆ ಪಟ್ಟಿಗಳೆಲ್ಲ ಇವೆ. ಅಜ್ಜಿ ಎಷ್ಟು ಕಾಲ ಹೊರಗಿದ್ದಳೆಂದು ನೋಡುತ್ತ ಹೋದೆ. ಹನ್ನೊಂದು ವರ್ಷ! ಹೊಸ ಪಾದ್ರಿ ಬಂದ ಮೇಲೆಯೇ ಕ್ಷಮೆ. ಆದರೆ ಅಷ್ಟೂ ವರ್ಷ ಇನ್ನೊಂದು ಹೆಸರೂ ಆ ಪಟ್ಟಿಗಳಲ್ಲಿಲ್ಲ, ಹಂಚಿನ ಕಾರ್ಖಾನೆಯ ಸೂರಪ್ಪ ಮೇಸ್ತ್ರಿಯದು. ಅವರನ್ನು ಯಾರೂ ಹೊರಗಿಟ್ಟಿರಲಿಲ್ಲ. ಹೆಂಡತಿಯ ಹೆಸರು ಪ್ರತಿ ಸಲವೂ ಇದೆ, ಅವರದು ಮಾತ್ರ ಇಲ್ಲ. ಅಪ್ಪ ಹುಟ್ಟಿದ ವರ್ಷ ನಿಂತದ್ದು, ಅಜ್ಜಿಯನ್ನು ಸೇರಿಸಿಕೊಂಡ ಭಾನುವಾರವೇ ಮತ್ತೆ ಬಂದಿದೆ, ಅವಳ ಹೆಸರಿನ ಕೆಳಗೆ.

ಸೂರಪ್ಪ ಮೇಸ್ತ್ರಿ ಯಾರೆಂದು ನಿನಗೆ ಗೊತ್ತು. ಶೇಖರನ ತಂದೆ, ನಿನ್ನ ಬೀಗರಾಗಲಿರುವ ಬೈಂದೂರಿನ ಲೀಲಾಧರರ ಅಪ್ಪನ ಅಪ್ಪ.

ತಡೆಯಲಾರದೆ ಬ್ರಹ್ಮಾವರದ ಬಸ್ಸು ಹತ್ತಿ ಸರಸಕ್ಕನ ಮನೆಗೆ ಹೋದೆ. ನಮ್ಮ ಸಭೆಯ ಹಳಬರಲ್ಲಿ ಉಳಿದಿರುವುದು ಅವಳೊಬ್ಬಳೇ, ಎಂಬತ್ತೇಳು ವರ್ಷ. ನಾನು ಕೇಳಿದ್ದೇ ತಡ, "ಎಂತ ಹೆಣೆ, ಕನ್ನಡ್ಕ ಹಾಯ್ಕಂಡ್ ಸತ್ತವ್ರ್ ಕಾಲ್ ಎಳೂಕ್ ಹೊರಟ್ಯಾ?" ಎಂದು ನಕ್ಕಳು. ನಾನು ಹೊರಡಲು ಎದ್ದಾಗ ತಾನಾಗಿಯೇ, "ಬಾಯ್ ಬಿಟ್ಟ್ ಹೇಳೂಕ್ ಧೈರ್ಯ ಇಲ್ಲ, ಉಪಾಸ ಕೂಕಂಬುಕ್ ಧೈರ್ಯ ಇತ್ತ್ ಆ ಮೇಸ್ತ್ರಿಗೆ!" ಎಂದಳು.

ಇದು ಸಾಕ್ಷಿಯೇ ಅಣ್ಣಾ? ಒಬ್ಬ ಗಂಡಸು ರೊಟ್ಟಿ ತಿನ್ನಲಿಲ್ಲ, ಒಬ್ಬ ಮುದುಕಿ ಹಂಗಿಸಿದಳು, ಇಷ್ಟೇ. ಬೇರೆ ಯಾವುದೋ ಪಾಪ ಅವರನ್ನು ಕಾಡುತ್ತಿತ್ತೇನೋ. ಆದರೆ ನಿಜವಾದರೆ ನೀನೂ ಲೀಲಾಧರರೂ ಅಣ್ಣತಮ್ಮಂದಿರ ಮಕ್ಕಳು. ಪುಷ್ಪ, ಶೇಖರ ವರಸೆಯಲ್ಲಿ ಅಣ್ಣತಂಗಿ. ನನಗೆ ಮದುವೆಯಾಗಿ ಮಗಳಿದ್ದಿದ್ದರೆ ಅವಳಿಗೆ ಅದೇ ಹುಡುಗನನ್ನು ಸಂತೋಷವಾಗಿ ಕೊಡಬಹುದಿತ್ತು. ನಿನ್ನ ಮಗಳಿಗೆ ಕೊಡುವಂತಿಲ್ಲ. ಇದೆಂಥ ಲೆಕ್ಕವೋ! ಹಾಗೆಂದು ಅದನ್ನು ಮೀರುವ ಎದೆಯೂ ನನಗಿಲ್ಲ.

ಹೋದ ಶನಿವಾರ ಲೀಲಾಧರರು ಬಂದಿದ್ದರು, ಎರಡು ಅಂಜಲ್ ಮೀನು ಹಿಡಿದುಕೊಂಡು. ಬಾಗಿಲಲ್ಲೇ, "ಹ್ವಾಯ್ ಟೀಚರೇ, ಇನ್ಮೇಲೆ ನಿಮ್ಮನ್ನ್ ಎಂತ ಅಂದೇಳಿ ಕರೂದ್? ತಂಗಿ ಅಂದ್ರೆ ಸಿಟ್ಟ್ ಬತ್ತಾ?" ಎಂದು ಕೇಳಿದರು. ಮೀನು ತೆಗೆದುಕೊಂಡು ಒಳಗೆ ಹೋದೆ. ಅವರು ಊಟ ಮಾಡುವಷ್ಟು ಹೊತ್ತೂ ಅವರ ಮುಖದಲ್ಲಿ ಅಪ್ಪನನ್ನು ಹುಡುಕುತ್ತ ಕುಳಿತೆ. ಸಿಕ್ಕರು. ಆದರೆ ಹುಡುಕಿದರೆ ಯಾರ ಮುಖದಲ್ಲಿ ಯಾರು ಸಿಗುವುದಿಲ್ಲ?

ಪುಷ್ಪ ನನಗೆ ಎಂಟು ಪುಟ ಬರೆದಿದ್ದಾಳೆ. "ಅವರು" ಎಂದು ಬರೆದು, ಹೊಡೆದು, "ಶೇಖರ" ಎಂದು ತಿದ್ದಿದ್ದಾಳೆ. ಆ ಹುಡುಗಿಗೆ ಏನೆಂದು ಹೇಳಲಿ? ಹೇಳಿದರೆ ಅವಳ ಬದುಕು ಮುರಿಯುತ್ತದೆ, ಅಜ್ಜಿ ಹನ್ನೊಂದು ವರ್ಷ ಹಲ್ಲುಕಚ್ಚಿ ಕಾಪಾಡಿದ ಗುಟ್ಟನ್ನು ಊರೆಲ್ಲ ಆಡಿಕೊಳ್ಳುತ್ತದೆ. ಹೇಳದಿದ್ದರೆ ಅವಳ ಮಕ್ಕಳನ್ನು ಎತ್ತಿಕೊಂಡಾಗಲೆಲ್ಲ ಆ ಪಟ್ಟಿಗಳೇ ಕಣ್ಣಿಗೆ ಬರುತ್ತವೆ. ಯಾವ ಕಡೆ ತಿರುಗಿದರೂ ಗೋಡೆ.

ಅತ್ತಿಗೆಗೆ ನಮಸ್ಕಾರ. ಪುಷ್ಪನಿಗೆ ನೂರು ಮುತ್ತು. ಈ ಪತ್ರ ಅವಳ ಕೈಗೆ ಸಿಗದಂತೆ ನೋಡಿಕೋ. ದೇವರ ಕೈ ನಿನ್ನ ಮನೆಯ ಮೇಲಿರಲಿ.

ನಿನ್ನ ತಂಗಿ,
ಪ್ರಭಾವತಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಅಯ್ಯನವರಿಗೆ ನಾನು ಏನೂ ಹೇಳಲಿಲ್ಲ. ವರಸೆಯಲ್ಲಿ ಅಡ್ಡಿಯಿಲ್ಲವೆಂಬ ಪತ್ರವನ್ನು ಇಂಗ್ಲಿಷಿನಲ್ಲಿ ನಾನೇ ಬರೆದುಕೊಟ್ಟೆ. ನನ್ನನ್ನು ನಂಬಿ ಅವರು ಓದದೆ ಸಹಿ ಹಾಕಿದರು. ಅದೂ ಇದೇ ಲಕೋಟೆಯಲ್ಲಿದೆ. ಈ ಪತ್ರ, ಆ ಪತ್ರ, ಎರಡರಲ್ಲಿ ಒಂದನ್ನು ಸುಟ್ಟುಬಿಡು ಅಣ್ಣಾ. ಯಾವುದನ್ನೆಂದು ಗೊತ್ತಿದ್ದರೆ ಇಲ್ಲೇ ಸುಡುತ್ತಿದ್ದೆ.