ಬಗ್ಗದ ಕ್ರಿಮಿ

೧೪ ಜೂನ್ ೧೯೭೯, ಶಿಗ್ಗಾಂವ

ಮತ್ತೆ ಹಿರೇಬೆಂಡಿಗೇರಿ. ಎದುರುಗಾಳಿ. ದಾರಿಯಲ್ಲಿ ಸೈಕಲ್ ಚೈನ್ ಕಳಚಿತು. ಆಸ್ಪತ್ರೆಯಿಂದ ಒಯ್ದ ಟಿ.ಬಿ. ಗುಳಿಗೆ ಶಾರವ್ವನಿಗೆ ಕೊಟ್ಟು ಬಂದೆ. ಹೊಲದ ಗುಡಿಸಲಲ್ಲಿ ಒಬ್ಬಳೇ. ಪುಟ್ಟ ಮಗಳು ಊರೊಳಗೆ, ಅತ್ತೆ ಉಡಚವ್ವನ ಹತ್ತಿರ. ಮುಖ ತೋರಿಸಲೂ ಕರೆತರುವುದಿಲ್ಲ. ಇದು ಚಿಕಿತ್ಸೆಯೋ, ಬಹಿಷ್ಕಾರವೋ?

"ಆಚಾರ್ರ, ನನ್ನ ಕೂಸಿನ್ನ ಯಾವಾಗ ಕೊಡ್ತಾರ್ರಿ?"

ಜಾತಿ ಹಿಡಿದು ಆಚಾರ್ರ ಅನ್ನಬೇಡ ಎಂದು ಎಷ್ಟು ಹೇಳಿದರೂ ಅಷ್ಟೇ.

೨ ಜುಲೈ

ಹುಬ್ಬಳ್ಳಿಯಿಂದ ಶಾರವ್ವನ ಕಫದ ರಿಪೋರ್ಟ್ ಬಂತು. ಕ್ರಿಮಿ ಆ ಗುಳಿಗೆಗೆ ಬಗ್ಗುತ್ತಿಲ್ಲ. ಇಷ್ಟು ದಿನ ತುಳಿದ ಸೈಕಲ್ಲೆಲ್ಲ ದಂಡ. ನಮ್ಮ ಆಸ್ಪತ್ರೆಯ ಡಾಕ್ಟರು ಬೇರೆ ಔಷಧ ಬರೆದರು. ಕೂಸು ದೂರವೇ ಇರಬೇಕಂತೆ.

ಸುಸ್ತು.

೫ ಜುಲೈ

ಟಪಾಲಿನಲ್ಲಿ ವಿಜ್ಞಾನದ ಕಿರುಹೊತ್ತಿಗೆ ಬಂತು. ನಿಂತಲ್ಲೇ ಓದಿದೆ. ಗುಳಿಗೆಗೆ ಬಗ್ಗದ ಕ್ರಿಮಿಗಳಲ್ಲಿ ಕೆಲವಕ್ಕೆ ವಂಶವಾಹಿಯೇ ಕೆಟ್ಟಿರುತ್ತದೆ. ಮೈಯ ದಾಳಿಯಿಂದ ಕ್ರಿಮಿಯನ್ನು ಕಾಯುವ ಒಂದು ಕಿಣ್ವ ತಯಾರಾಗುವುದಿಲ್ಲ. ಅದಿಲ್ಲದಿದ್ದರೆ ಗುಳಿಗೆ ನಾಟದು, ನಿಜ. ಆದರೆ ಆ ಕ್ರಿಮಿಯನ್ನು ಪ್ರಯೋಗಕ್ಕೆ ಸಾಕುವ ಇಲಿಯಂಥ ಗಿನಿಪಿಗ್‌ಗೆ ಚುಚ್ಚಿದರೆ ರೋಗವೂ ಅಷ್ಟಾಗಿ ಹಬ್ಬದು! ಬದುಕಲೆಂದು ಗುರಾಣಿ ಬಿಸಾಡಿದ ಕ್ರಿಮಿ. ಹಾಗಾದರೆ ಶಾರವ್ವನಿಂದ ಕೂಸಿಗೆ...

೬ ಜುಲೈ

ಪುಸ್ತಕ ತೋರಿಸಿದೆ. ಡಾಕ್ಟರು ನಕ್ಕರು. "ಏನಪಾ ಕ್ರಾಂತಿಕಾರಿ, ಗಿನಿಪಿಗ್ ಮಾತ ನಂಬಿ ಕೂಸಿನ್ನ ಒಯ್ತೀಯೇನು? ಕೆಲವು ಅಂತ ಬರದಾರ. ಇಕೀದು ಅಂಥಾದ್ದ ಅಂತ ಯಾರ ನೋಡ್ಯಾರ?"

ಅಂಜುಬುರುಕರು. ನಾನೇ ಹೋಗುತ್ತೇನೆ.

೧೧ ಜುಲೈ, ಸಂಜೆ

ಉಡಚವ್ವನ ಕಟ್ಟೆಯ ಮೇಲೆ ನಿಂತು ಪುಸ್ತಕ ಗಟ್ಟಿಯಾಗಿ ಓದಿದೆ. ಮುದುಕಿ ಎಲೆ ಅಡಿಕೆ ಉಗುಳಿದಳು.

"ಇಲಿ ಪುರಾಣ ಸಾಕ್ರಿ. ಓದಿದವ್ರು ಹೇಳಾಕತ್ತೀರಿ, ಒಯ್ಯಿರಿ. ಇದೂ ರಾತ್ರಿಯೆಲ್ಲಾ ಅವ್ವಾ ಅವ್ವಾ ಅಂತೈತಿ."

ಗೆದ್ದೆ. ಕೂಸನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೊಲಕ್ಕೆ ಹೋದೆ. ಶಾರವ್ವ ಓಡಿ ಬಂದವಳು ದೂರದಲ್ಲೇ ನಿಂತುಬಿಟ್ಟಳು. ಸೆರಗು ಬಾಯಿಗೆ.

"ಡಾಕ್ಟರು ಹೂಂ ಅಂದ್ರೇನ್ರಿ?"

ಪುಸ್ತಕದ ಮಾತು ಹೇಳಿದೆ. ಕೇಳಿಸಿಕೊಂಡಳು.

"ಇಲಿಗೆ ಏನೂ ಆಗ್ಲಿಲ್ಲ, ಖರೆ. ನಿಮ್ಮ ಕೂಸಾಗಿದ್ರ ಕೊಡ್ತಿದ್ರೇನ್ರಿ?"

ಹೌದು ಎನ್ನಲು ಬಾಯಿ ತೆರೆದೆ. "ಗೊತ್ತಿಲ್ಲ" ಎಂದೆ.

"ಹಂಗಾರ ಅಲ್ಲೇ ಹಿಡಕೋರಿ. ಬಿಡಬ್ಯಾಡ್ರಿ. ಕಣ್ಣತುಂಬ ನೋಡ್ತೇನಿ."

ಅಲ್ಲೇ ಕುಳಿತಳು. ಕೂಸು ಎಳೆದಾಡಿತು, ಅತ್ತಿತು, ನನ್ನ ಕೈ ಕಚ್ಚಿತು. ಬಿಡಲಿಲ್ಲ. ಶಾರವ್ವನೂ ಕಣ್ಣು ಕೀಳಲಿಲ್ಲ. ಒಮ್ಮೆ ಮಾತ್ರ, ತನಗೇ ಗೊತ್ತಿಲ್ಲದಂತೆ, ಎರಡೂ ತೋಳು ಮುಂದಕ್ಕೆ ಚಾಚಿದಳು. ಆಗ ನನ್ನ ಹಿಡಿತ ತಾನಾಗಿಯೇ ಇನ್ನಷ್ಟು ಬಿಗಿಯಾಯಿತು.