ಎನಾಮೆಲ್ ಬಳಿದ ಕಿಟಕಿ

ಡಿಸೆಂಬರ್ 3, ಬೆಳಿಗ್ಗೆ 7

ಮತ್ತೆ ಬಂದಿದೆ. ಬಚ್ಚಲ ಚಾವಣಿಯ ಮೂಲೆಯಲ್ಲಿ, ಅಂಗೈಯಗಲ. ಹೋದ ತಿಂಗಳಷ್ಟೇ ಬಳಿದ ಬಿಳಿ ಬಣ್ಣದ ಮೇಲೆ ಕಪ್ಪು ಚುಕ್ಕೆ. ಇಪ್ಪತ್ತಾರು ವರ್ಷದಿಂದ ಊರಿನ ಗೋಡೆಗೆಲ್ಲ ಬಣ್ಣ ಬಳಿಯುವವನು ನಾನು. ನನ್ನ ಬಚ್ಚಲಿಗೇ ಬೂಷ್ಟು! ಹೆಂಡತಿ ಹಲ್ಲುಜ್ಜುತ್ತಲೇ ಹೇಳಿದಳು, “ಗಿರಾಕಿಗಳನ್ನ ಮಾತ್ರ ಈ ಕಡೆ ಕರ್ಕೊಂಡು ಬರಬೇಡಿ.” ದೀಪದ ಬುಡದಲ್ಲಿ ಕತ್ತಲು. ಬ್ರಷ್ಷು, ಡಬ್ಬ ಎತ್ತಿಕೊಂಡು ಕೆಲಸಕ್ಕೆ ಹೊರಟೆ.

ಡಿಸೆಂಬರ್ 4

ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದೆ. ಒಣಗಿದ ಮೇಲೆ ಸ್ಯಾಂಡ್ ಪೇಪರ್, ಪ್ರೈಮರ್, ಮೇಲೆ ಎರಡು ಕೋಟಿಂಗ್. ಇನ್ನು ಬಂದರೆ ಕೇಳಿ!

ಡಿಸೆಂಬರ್ 15

ಬಂತು. ಎರಡು ಅಂಗೈ.

ಹೆಂಡತಿ ಸ್ನಾನ ಮುಗಿಸಿದ ಮೇಲೆ ಒಳಗೆ ಹೋಗಿ ನಿಂತೆ. ಬರೀ ಹಬೆ. ಟೈಲ್ಸ್ ಬೆವರುತ್ತಿವೆ. ಚಾವಣಿಯ ಹನಿ ನೇರ ನನ್ನ ಬೋಳುತಲೆಗೆ. “ಹಬೆ ಹೊರಗೆ ಹೋಗೋಕೆ ದಾರಿ ಬೇಡ್ವಾ? ಆ ಕಿಟಕಿ ತೆಗೀರಿ,” ಅಂದಳು. ಕೇಳಿಸದವನಂತೆ ಟವೆಲ್ ಹುಡುಕಿದೆ.

ಡಿಸೆಂಬರ್ 16

ಬರೆದೇಬಿಡುತ್ತೇನೆ, ಯಾರು ಓದುತ್ತಾರೆ. ಕಿಟಕಿಯಾಚೆ ಅಣ್ಣನ ಶೆಡ್ಡು, ಅದಕ್ಕಂಟಿ ಅವನ ಮನೆ. ಅಣ್ಣ ಪುಸ್ತಕಗಳಿಗೆ ಬೈಂಡ್ ಹಾಕುವವನು. ಎರಡು ವರ್ಷದ ಹಿಂದೆ ಬಂದು, “ನಿನ್ನ ಬಚ್ಚಲ ಹಬೆಗೆ ನನ್ನ ಕಾಗದ ಎಲ್ಲ ಮೆತ್ತಗಾಗ್ತಿದೆ ಕಣೋ” ಅಂದ. ಅಂದದ್ದು ಅಷ್ಟೇ. ನನಗೆ ಎಲ್ಲಿತ್ತೋ ಸಿಟ್ಟು! ಕಿಟಕಿ ಎಳೆದು ಮುಚ್ಚಿ, ಸಂದಿಗೆಲ್ಲ ಪುಟ್ಟಿ ಮೆತ್ತಿ, ಅವನು ನೋಡುತ್ತಿದ್ದಂತೆಯೇ ಎನಾಮೆಲ್ ಬಳಿದೆ. “ಸಾಕಾ?” ಎಂದೆ.

ಅಂದಿನಿಂದ ಮಾತಿಲ್ಲ. ಗೇಟಿನಲ್ಲಿ ಎದುರಾದರೆ ಇಬ್ಬರೂ ಚಪ್ಪಲಿ ನೋಡಿಕೊಳ್ಳುತ್ತೇವೆ. ಬೇಜಾರು. ತುಂಬಾ ಬೇಜಾರು. ಈಗ ಕಿಟಕಿ ತೆಗೆದು ಮತ್ತೆ ಅವನ ಕಾಗದ ಕೆಟ್ಟರೆ — ಮುಗಿಯಿತು, ಜನ್ಮದಲ್ಲಿ ಮಾತಾಡಲಾರ.

ಡಿಸೆಂಬರ್ 19

ಕಿಟಕಿ ಒಂದು ಬಿಟ್ಟು ಎಲ್ಲ ಮಾಡಿದ್ದಾಯಿತು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು — ಹಬೆ ಸ್ವಲ್ಪ ಕಡಿಮೆ. ಸ್ನಾನವಾದವರು ವೈಪರ್ ಹಿಡಿದು ಗೋಡೆ ಒರೆಸಬೇಕು. ಒದ್ದೆ ಬಟ್ಟೆ ಒಳಗೆ ನೇತುಹಾಕುವಂತಿಲ್ಲ. ಬಾಗಿಲು ತೆರೆದಿಟ್ಟು ನೋಡಿದೆ, ಹಬೆ ಮಲಗುವ ಕೋಣೆಗೆ ನುಗ್ಗಿ ಬೀರುವಿನ ಹಿಂದೆಯೂ ಚುಕ್ಕೆ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು: “ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ಒಪ್ದೆ. ಕಿಟಕಿ ಬರುತ್ತಲ್ರೀ!” ನಗು ತಡೆಯಲಾಗಲಿಲ್ಲ. ಭಾನುವಾರ ನೋಡೋಣ ಎಂದೆ.

ಡಿಸೆಂಬರ್ 21, ಭಾನುವಾರ, ಮಧ್ಯಾಹ್ನ

ತೆಗೆದೆ. ಪುಟ್ಟಿ ಬ್ಲೇಡು, ಸುತ್ತಿಗೆ, ಮುಕ್ಕಾಲು ಗಂಟೆ. ಎಂಥ ಗಟ್ಟಿ ಕೆಲಸ — ನನ್ನದೇ ಅಲ್ಲವೇ! ಕೊನೆಗೆ ಧಡಾರೆಂದು ಬಿಟ್ಟುಕೊಂಡಿತು. ಆಚೆ ಅಣ್ಣ ನಿಂತಿದ್ದ, ಕೈಯಲ್ಲಿ ಗೋಂದಿನ ಬ್ರಷ್ಷು. ಸುತ್ತಿಗೆ ಕೆಳಗಿಟ್ಟೆ.

“ಅಣ್ಣಾ... ಗೋಡೆ ಒರೆಸಿದ ಮೇಲೇ ತೆಗೀತೀನಿ. ನಿನ್ನ ಕಾಗದಕ್ಕೆ ಏನೂ...”

“ಇಲ್ಲೆಲ್ಲಿದೆ ಕಾಗದ?”

ಇಣುಕಿದೆ. ಕಿಟಕಿಯ ಕೆಳಗೆ ಖಾಲಿ ನೆಲ. ಮೇಜು, ಕಾಗದ ಎಲ್ಲ ಆಚೆ ಗೋಡೆಗೆ.

“ನೀನು ಬಣ್ಣ ಬಳಿದ ಮಾರನೇ ದಿನವೇ ಎಳ್ಕೊಂಡೆ. ಇವತ್ತು ತೆಗೀತಾನೆ, ನಾಳೆ ತೆಗೀತಾನೆ ಅಂತ...”

“ಹೇಳಬಾರದಿತ್ತಾ?”

“ನೀನು ಕೇಳಬಾರದಿತ್ತೇನೋ?”

ಅತ್ತುಬಿಟ್ಟೆ. ಐವತ್ತೆರಡು ವರ್ಷದ ಗಂಡಸು, ಬಚ್ಚಲಲ್ಲಿ ನಿಂತು. ಪುಟ್ಟಿಯ ಧೂಳು ಕಣ್ಣಿಗೆ ಬಿತ್ತು ಎಂದು ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ.

ಡಿಸೆಂಬರ್ 22, ಬೆಳಿಗ್ಗೆ 7

ಸ್ನಾನವಾಯಿತು. ಗೋಡೆ ಒರೆಸಿ ಕಿಟಕಿ ತೆಗೆದೆ. ಹತ್ತು ನಿಮಿಷಕ್ಕೆ ಕನ್ನಡಿ ತಿಳಿಯಾಯಿತು. ಮೂಲೆಯನ್ನು ಇವತ್ತೇ ತಿಕ್ಕಿ ಬಳಿಯಬೇಕು ಎನ್ನುವಷ್ಟರಲ್ಲಿ ಆಚೆಯಿಂದ ಅಣ್ಣ: “ನಮ್ಮ ಬಚ್ಚಲಿಗೂ ಬೂಷ್ಟು ಹಿಡ್ದಿದೆ ಕಣೋ. ಎರಡು ವರ್ಷ ಆಯ್ತು. ಬೇರೆ ಬಣ್ಣದವನನ್ನ ಕರೆಯೋಕೆ ಮನಸ್ಸು ಬರ್ಲಿಲ್ಲ. ಡಬ್ಬ ತಗೊಂಡು ಬಾ.”

ಬಂದೆ ಎಂದೆ. ಮತ್ತೆ ಕೂಗುತ್ತಿದ್ದಾನೆ. ಬಂದೆ ಎಂದರೂ ಬಿಡ—