ಮನೆಮುರುಕಿ

ಸಮಾಮಿಶ್, ಅಮೆರಿಕ
೧೭ ಅಕ್ಟೋಬರ್ ೨೦೦೬, ಮಂಗಳವಾರ

ಪ್ರೀತಿಯ ತಮ್ಮ ನಾಗಲಿಂಗಪ್ಪನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ನಾನಿಲ್ಲವೆಂದು ಎಣ್ಣೆ ಹಚ್ಚುವುದನ್ನು ಬಿಟ್ಟಿರುತ್ತೀಯ, ನಿನ್ನ ಸೋಮಾರಿತನ ನನಗೆ ಗೊತ್ತಿಲ್ಲವೇ? ನನ್ನ ಆರೋಗ್ಯಕ್ಕೇನೂ ಆಗಿಲ್ಲ. ಇಲ್ಲಿ ಕಾರಿಲ್ಲದೆ ಹಾಲು ತರುವುದಕ್ಕೂ ಆಗುವುದಿಲ್ಲ, ನಿನ್ನ ಅಕ್ಕ ಕಿಟಕಿ ಕಾಯುತ್ತಾ ಕೂತಿದ್ದಾಳೆ.

ನಾಗು, ಕೂತುಕೊಂಡು ಓದು. ಶುಕ್ರವಾರ ಸರ್ಕಾರದ ಕಡೆಯ ಹೆಂಗಸೊಬ್ಬಳು ಬಾಗಿಲು ತಟ್ಟಿದಳು. ನಮ್ಮ ಮೊಮ್ಮಗಳು ಸಿರಿ ಶಾಲೆಯಲ್ಲಿ ಟೀಚರಿಗೆ, ಅಪ್ಪ ಅಮ್ಮನಿಗೆ ಹೊಡೆಯುತ್ತಾನೆ ಎಂದು ಹೇಳಿದ್ದಳಂತೆ. ಆರು ವರ್ಷದ ಕೂಸು! ನಿಜ ಹೇಳಲೇ, ಮೊದಲು ಸಿಟ್ಟು ಬಂದದ್ದು ಮಗುವಿನ ಮೇಲೆ. ಮನೆಯ ಮಾತನ್ನು ಬೀದಿಗೆ ಹಾಕುವುದೇ? ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಎಂದುಕೊಂಡೆ. ಆ ಹೆಂಗಸು ಅತ್ತ ಹೋದದ್ದೇ ತಡ, ನನ್ನ ಮಗ ರಘು "ಮನೆಮುರುಕಿ! ಅಪ್ಪಂಗೇ ದ್ರೋಹ ಮಾಡ್ತೀಯಾ?" ಎಂದು ಅರಚಿದ. "ಅಜ್ಜಿ, ವಾಟ್ ಈಸ್ ದ್ರೋಹ?" ಎಂದು ಸಿರಿ ನನ್ನ ಸೆರಗು ಹಿಡಿದುಕೊಂಡಳು. ನಂಬಿದವರಿಗೆ ಕೆಡುಕು ಮಾಡುವುದು ಕಣಮ್ಮಾ ಎಂದೆ. ಅವಳು ಯೋಚಿಸಿ ಅಮ್ಮನ ಕಡೆ ನೋಡಿದಳು. ನಿನ್ನ ಮಗಳು ನಿಸರ್ಗ ಸ್ವೆಟರಿನ ತೋಳು ಮೇಲಕ್ಕೆ ಎಳೆದಳು. ಅದಕ್ಕೆ ಎರಡು ದಿನ ಮುಂಚೆ "ಮೆಟ್ಲಲ್ಲಿ ಜಾರ್ಬಿಟ್ಟೆ ಅತ್ತೆ" ಎಂದಿದ್ದಳು, ನಾನೇ ಅರಿಸಿನ ಕಲಸಿ ಕೊಟ್ಟಿದ್ದೆ. ಮೆಟ್ಟಿಲಿಗೆ ಬೆರಳಿರುತ್ತದೆಯೇ ನಾಗು? ಅವಳ ತೋಳಿನ ಮೇಲೆ ನನ್ನ ಮಗನ ಬೆರಳುಗಳು ಮೂಡಿದ್ದವು.

ಸೋದರಮಾವನ ಮಗಳು, ಹೊರಗಿನವಳಲ್ಲ ಎಂದು ನಾನೇ ತಾನೇ ನಿನ್ನ ಮನೆಗೆ ಬಂದು ಹೆಣ್ಣು ಕೇಳಿದ್ದು? "ಅಕ್ಕನ ಮನೆ, ಇನ್ನೇನು ವಿಚಾರ್ಸೋದು" ಎಂದು ನೀನು ಕಣ್ಣು ಮುಚ್ಚಿ ಒಪ್ಪಿದೆ. ನಂಬಿಸಿ ಕತ್ತು ಕೊಯ್ದರು ಎಂದು ಜನ್ಮವೆಲ್ಲ ಕಂಡವರನ್ನು ಆಡಿಕೊಂಡೆ. ಈಗ ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೇ ಆ ಮಾತು ಅನ್ನಬೇಕಾಗಿ ಬಂತು. ನಿನಗೆ ಮುಖ ಹೇಗೆ ತೋರಿಸಲಿ?

ನಾಳೆ ಆ ಹೆಂಗಸು ಮತ್ತೆ ಬರುತ್ತಾಳೆ, ಕನ್ನಡ ಬಲ್ಲವರೊಬ್ಬರನ್ನು ಕರೆತಂದು ನನ್ನನ್ನೇ ವಿಚಾರಿಸುತ್ತಾಳಂತೆ. "ಮೆಟ್ಲಲ್ಲಿ ಬಿದ್ಲು ಅಂದ್ಬಿಡಮ್ಮ. ನೀನೂ ಕೈಕೊಟ್ರೆ ನನ್ನ ಕಥೆ ಮುಗೀತು" ಎಂದು ರಘು ಕಾಲು ಹಿಡಿದುಕೊಂಡಿದ್ದಾನೆ. ಹೆತ್ತ ಕರುಳು, ಏನು ಮಾಡಲಿ ಹೇಳು.

ಈ ಕಾಗದವನ್ನು ನಿನ್ನ ಹೆಂಡತಿಗೆ ಒಮ್ಮೆಲೇ ತೋರಿಸಬೇಡ, ಸಮಯ ನೋಡಿ ಹೇಳು. ಎಲ್ಲರನ್ನೂ ಕೇಳಿದೆನೆಂದು ತಿಳಿಸು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಪ್ರೇಮಮ್ಮ

ಬುಧವಾರ, ಲಕೋಟೆ ಅಂಟಿಸುವ ಮುಂಚೆ: ಅವರು ಬಂದು ಹೋದರು. ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟೆ. ರಘು ಮನೆಯಲ್ಲಿ ಇರಕೂಡದಂತೆ. "ನೀನು ತಾಯೀನೇ ಅಲ್ಲ" ಎಂದು ಬ್ಯಾಗು ಹಿಡಿದು ಹೊರಟ. ನಿನ್ನ ಮಗಳು ನನ್ನ ಪಕ್ಕದಲ್ಲೇ ಇದ್ದಾಳೆ, ಹೆದರಬೇಡ. ಚಿಲಕ ಹಾಕಿದವಳು ನಾನೇ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ ನಾಗು.